ಪಾಸ್‌ವರ್ಡ್ ಬದಲಾಯಿಸಿದ್ರೂ ಕಳ್ಳ ಒಳಗೇ ಇದಾನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಲಾಗಿನ್ ಕಳ್ಳತನದ್ದೇ ಜಾಸ್ತಿ, ಅದ್ರಲ್ಲೂ ಆನ್‌ಲೈನ್ ವ್ಯಾಪಾರ ಮಾಡೋ ಸಣ್ಣಪುಟ್ಟ ಕಂಪನಿಯವ್ರು ಬರೆದಿದ್ದು, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಪೂರ್ತಿ ಅಂಕಣ ಇದಕ್ಕೇ ಕೊಟ್ಟಿದೀನಿ. ಎಲ್ರೂ ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಿಲ್ಲ.

ಪ್ರಶ್ನೆ: ಸರ, ನಮಸ್ಕಾರ ರೀ. ನಾನೂ ನಮ್ಮ ಮನಿಯವ್ರೂ ಕೂಡಿ ಆರು ವರ್ಷದಿಂದ ಆನ್‌ಲೈನ್‌ನ್ಯಾಗ ಇಳಕಲ್ ಸೀರಿ, ಖಣ ಮಾರ್ತೀವಿ, ಒಟ್ಟ ಒಂಬತ್ತು ಮಂದಿ ಅದೀವಿ. ಹೋದ ತಿಂಗಳ ಒಂದು ರಾತ್ರಿ ನಮ್ಮ ಜಾಹೀರಾತು ಅಕೌಂಟಿನ್ಯಾಗ ಯಾರೋ ಹೊಕ್ಕು ನಮ್ಮ ಕಾರ್ಡಿನ ಮ್ಯಾಲೆ 1,80,000 ರೂಪಾಯಿ ಆ್ಯಡ್ ಓಡಿಸ್ಯಾರ, ಯಾವ್ದೋ ಗಡಿಯಾರ ಮಾರೋ ಆ್ಯಡ್. ಅವತ್ತ ರಾತ್ರೀನ ಪಾಸ್‌ವರ್ಡ್ ಬದಲಿ ಮಾಡಿದ್ವಿ, ಮುಂಜಾನಿ ಎದ್ದು ನೋಡಿದ್ರ ಮತ್ತ ಒಳಗ ಅದಾರ. ಓಟಿಪಿನೂ ಇಟ್ಟಿದ್ವಿ, ಒಂದ ಒಂದು ಓಟಿಪಿ ಬಂದಿಲ್ಲ. ನಮ್ಮಲ್ಲಿ ಫೋಟೋ ಎಡಿಟ್ ಮಾಡೋ ಹುಡುಗ ಒಬ್ಬ ಅದಾನ, ಮನಿಯಿಂದ ಅವನ ಲ್ಯಾಪ್‌ಟಾಪಿನ್ಯಾಗ ಕೆಲಸ ಮಾಡ್ತಾನ, ಆ್ಯಡ್ ಹಾಕೋದೂ ಅವನ. ನಮ್ಮ ಮನಿಯವ್ರಿಗೆ ಅವನ ಮ್ಯಾಲೆ ಸಂಶಯ. ಅವ ಅಳಾಕತ್ಯಾನ, ನಾ ಏನೂ ಮಾಡಿಲ್ಲ ಅಕ್ಕಾ, ಎಡಿಟಿಂಗ್ ಸಾಫ್ಟ್‌ವೇರ್ ಫ್ರೀ ಸಿಗ್ತದ ಅಂತ ಒಂದು ಡೌನ್‌ಲೋಡ್ ಮಾಡಿದ್ದೆ, ಅದೂ ಓಪನ್ ಆಗ್ಲಿಲ್ಲ ಬಿಟ್ಟೆ, ಅಷ್ಟ ಅಂತಾನ. ಏನ್ ಮಾಡೋಣ ಹೇಳ್ರಿ.
(ಹುಬ್ಬಳ್ಳಿ)

ಉತ್ತರ: ಅಕ್ಕಾ, ಮೊದಲು ಆ ಹುಡುಗನ ವಿಷಯ ಮಾತಾಡೋಣ, ದುಡ್ಡಿನದ್ದು ಆಮೇಲೆ. ನೀವು ಬರೆದಿದ್ರಲ್ಲಿ ಅವನು ಕದ್ದ ಅನ್ನೋಕೆ ಒಂದು ಲಕ್ಷಣನೂ ಕಾಣ್ತಿಲ್ಲ, ಅವನ ಲ್ಯಾಪ್‌ಟಾಪಿಂದ ಕದ್ದಿದಾರೆ ಅನ್ನೋಕೆ ಎಲ್ಲಾ ಲಕ್ಷಣ ಇದೆ. "ಓಪನ್ ಆಗ್ಲಿಲ್ಲ ಬಿಟ್ಟೆ" ಅಂದ ನೋಡಿ, ಅಲ್ಲೇ ಇರೋದು ಕಥೆ ಎಲ್ಲಾ. ಅದು ಓಪನ್ ಆಗಿದೆ, ತನ್ನ ಕೆಲಸ ಮುಗಿಸಿದೆ, ಸ್ಕ್ರೀನ್ ಮೇಲೆ ಮಾತ್ರ ಏನೂ ತೋರಿಸಿಲ್ಲ.

ಇದಕ್ಕೆ ಇನ್ಫೋಸ್ಟೀಲರ್ ಅಂತಾರೆ. ಹಳೇ ವೈರಸ್ ತರ ಕಂಪ್ಯೂಟರ್ ಸ್ಲೋ ಮಾಡಲ್ಲ, ಫೈಲ್ ಲಾಕ್ ಮಾಡಿ ದುಡ್ಡು ಕೇಳಲ್ಲ, ತಿಂಗಳುಗಟ್ಟಲೆ ಕೂತ್ಕೊಳೋದೂ ಇಲ್ಲ. ಎಷ್ಟೋ ಸಲ ಒಂದೆರಡು ನಿಮಿಷದಲ್ಲಿ ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡ್‌ಗಳು, ಕುಕ್ಕಿಗಳು, ಫಾರ್ಮ್ ತುಂಬೋವಾಗ ತಾನೇ ಬರೋ ಹೆಸರು ವಿಳಾಸ ಕಾರ್ಡ್ ನಂಬರ್, ಕ್ರಿಪ್ಟೋ ವ್ಯಾಲೆಟ್, ಡೆಸ್ಕ್‌ಟಾಪ್ ಮೇಲಿರೋ ನೋಟ್‌ಪ್ಯಾಡ್ ಫೈಲು, ಆ ಕ್ಷಣದ ಒಂದು ಸ್ಕ್ರೀನ್‌ಶಾಟು, ಎಲ್ಲಾ ಒಟ್ಟುಗೂಡಿಸಿ ಒಂದು ಜಿಪ್ ಫೈಲ್ ಮಾಡಿ ಕಳಿಸಿ ತನ್ನನ್ನ ತಾನೇ ಅಳಿಸ್ಕೊಂಡು ಹೋಗ್ಬಿಡತ್ತೆ. ಆ ಫೈಲಿಗೆ ಈ ದಂಧೆಯವ್ರು ಲಾಗ್ ಅಂತಾರೆ. ಟೆಲಿಗ್ರಾಂ ಗುಂಪುಗಳಲ್ಲಿ, ಡಾರ್ಕ್ ವೆಬ್ ಅಂಗಡಿಗಳಲ್ಲಿ ಹತ್ತಿಪ್ಪತ್ತು ಡಾಲರ್‌ಗೆಲ್ಲಾ ಸಿಗತ್ತೆ, ಮುಗಿದು ಹೋಯ್ತು. ಕದಿಯೋನು ಒಬ್ಬ, ಮಾರೋನು ಒಬ್ಬ, ನಿಮ್ಮ ಅಕೌಂಟಿಗೆ ನುಗ್ಗೋನು ಇನ್ನೊಬ್ಬ, ಅವನಿಗೆ ನೀವ್ಯಾರು ಹುಬ್ಬಳ್ಳಿ ಎಲ್ಲಿದೆ ಅಂತಾನೂ ಗೊತ್ತಿರಲ್ಲ.

ಈಗ ಓಟಿಪಿ ಯಾಕೆ ಬರಲಿಲ್ಲ ಅಂತ ಕೇಳಿದ್ರಲ್ಲಾ. ಬಸ್ ಪಾಸ್ ಇದ್ಯಲ್ಲ, ಅದನ್ನ ಮಾಡಿಸೋವಾಗ ಕ್ಯೂ ನಿಂತು ಆಧಾರ್ ತೋರಿಸಿ ದುಡ್ಡು ಕಟ್ಟಿ ಎಲ್ಲಾ ಮಾಡ್ತೀವಿ, ಒಂದ್ಸಲ ಪಾಸ್ ಕೈಗೆ ಬಂದ್ಮೇಲೆ ದಿನಾ ಕಂಡಕ್ಟರ್ ಮತ್ತೆ ಆಧಾರ್ ಕೇಳಲ್ಲ, ಪಾಸ್ ನೋಡ್ತಾರೆ, ಮುಂದೆ ಹೋಗ್ತಾರೆ. ನೀವು ಒಂದ್ಸಲ ಪಾಸ್‌ವರ್ಡ್, ಓಟಿಪಿ ಹಾಕಿ ಲಾಗಿನ್ ಆದ್ಮೇಲೆ ವೆಬ್‌ಸೈಟ್ ನಿಮ್ಮ ಬ್ರೌಸರಿಗೆ ಇಂಥದ್ದೇ ಒಂದು ಪಾಸ್ ಕೊಡತ್ತೆ, ಅದೇ ಸೆಷನ್ ಕುಕ್ಕಿ. ಒಂದೇ ವ್ಯತ್ಯಾಸ, ಈ ಪಾಸ್ ಮೇಲೆ ಫೋಟೋ ಇರಲ್ಲ. ಯಾರ ಕೈಲಿದ್ರೂ ನಡಿಯತ್ತೆ. ಕಳ್ಳ ಕುಕ್ಕಿನ ತನ್ನ ಬ್ರೌಸರಿಗೆ ಹಾಕ್ಕೊಂಡ್ರೆ ಅವನು ಲಾಗಿನ್ ಪೇಜ್‌ಗೇ ಬರಲ್ಲ, ಸೀದಾ ಒಳಗೆ, ಓಟಿಪಿ ಕೇಳೋ ಸಂದರ್ಭನೇ ಇಲ್ಲ. ಇದು ನಿಮಗೊಬ್ರಿಗೆ ಆಗಿದ್ದಲ್ಲ. ಸರ್ಕಲ್‌ಸಿಐ ಅಂತ ಅಮೆರಿಕದ ಸಾಫ್ಟ್‌ವೇರ್ ಕಂಪನಿ ಇದೆ, ಸಾವಿರಾರು ಕಂಪನಿಗಳ ಕೋಡ್ ಅವರ ಕೈಲಿ ಹಾದುಹೋಗತ್ತೆ, 2022ರ ಡಿಸೆಂಬರ್ 16ರಂದು ಅವರ ಒಬ್ಬ ಎಂಜಿನಿಯರ್ ಲ್ಯಾಪ್‌ಟಾಪಿಗೆ ಮಾಲ್‌ವೇರ್ (ಹಾನಿ ಮಾಡೋ ಸಾಫ್ಟ್‌ವೇರ್) ಹೊಕ್ಕಿ, ಪಾಸ್‌ವರ್ಡ್ ಆದ್ಮೇಲೆ ಓಟಿಪಿ ತರದ್ದೂ ಕೇಳೋ ಎರಡು ಹಂತದ ಪರೀಕ್ಷೆ ಎಲ್ಲಾ ದಾಟಿ ಬಂದಿದ್ದ ಸೆಷನ್ ಕುಕ್ಕಿನೇ ಕದ್ದುಬಿಡ್ತು, ಆ್ಯಂಟಿವೈರಸ್‌ಗೆ ಗೊತ್ತಾಗ್ಲಿಲ್ಲ. ಕೊನೆಗೆ 2023ರ ಜನವರಿ 4ಕ್ಕೆ ಗ್ರಾಹಕರಿಗೆಲ್ಲಾ ನಮ್ಮಲ್ಲಿ ಇಟ್ಟಿರೋ ನಿಮ್ಮ ಎಲ್ಲಾ ಗುಟ್ಟಿನ ಕೀಗಳನ್ನ ಬದಲಾಯಿಸ್ಕೊಳ್ಳಿ ಅಂತ ಹೇಳ್ಬೇಕಾಯ್ತು. ಗೇಮ್ ಮಾಡೋ ಇಎ ಕಂಪನಿದೂ ಹಾಗೇ, 2021ರಲ್ಲಿ 10 ಡಾಲರ್‌ಗೆ ಕೊಂಡ ಕದ್ದ ಕುಕ್ಕಿ ಹಿಡ್ಕೊಂಡು ಅವರ ಸಿಬ್ಬಂದಿ ಮಾತಾಡ್ಕೊಳೋ ಸ್ಲ್ಯಾಕ್ ಆ್ಯಪ್ ಒಳಗೆ ಹೋಗಿ ಅಲ್ಲಿಂದ ಐಟಿ ಸಿಬ್ಬಂದಿನ ನಂಬಿಸಿ ಒಳಗೆ ದಾಟಿದ್ರು, ಫಿಫಾ 21ರ ಸೋರ್ಸ್ ಕೋಡೂ ಸೇರಿ ಸುಮಾರು 780 ಜಿಬಿ ಹೋಯ್ತು.

ನೀವು ರಾತ್ರಿ ಪಾಸ್‌ವರ್ಡ್ ಬದಲಾಯಿಸಿದ್ರೂ ಬೆಳಿಗ್ಗೆ ಮತ್ತೆ ಬಂದಿದ್ದಕ್ಕೆ ಮೂರು ಕಾರಣ ಇರಬಹುದು, ಮೂರೂ ಒಟ್ಟಿಗೆ ಇರಬಹುದು. ಅದೇ ಲ್ಯಾಪ್‌ಟಾಪಲ್ಲಿ ಬದಲಾಯಿಸಿದ್ರೆ ಹೊಸ ಪಾಸ್‌ವರ್ಡೂ ಹೋಗಿರತ್ತೆ, ಯಾಕಂದ್ರೆ ಕೆಲವು ಸ್ಟೀಲರ್‌ಗಳು ಬೇರೆ ಮಾಲ್‌ವೇರ್‌ನೂ ಇಳಿಸಿ ಹೋಗಿರ್ತವೆ. ಪಾಸ್‌ವರ್ಡ್ ಬದಲಾಯಿಸಿದ ತಕ್ಷಣ ಹಳೇ ಸೆಷನ್ ಎಲ್ಲಾ ಕಡೆ ಸಾಯಲ್ಲ, ಅಂದ್ರೆ ಹಳೇ ಪಾಸ್ ಇನ್ನೂ ಚಾಲ್ತಿಲಿ ಇರತ್ತೆ. ಇನ್ನು ಮೂರನೇದು, ಕಳ್ಳ ಮೊದಲ ರಾತ್ರಿಯೇ ತನ್ನ ಒಂದು ಮೇಲ್ ಐಡಿನ ನಿಮ್ಮ ಅಕೌಂಟಿಗೆ ಅಡ್ಮಿನ್ ಅಂತ ಸೇರಿಸ್ಕೊಂಡಿರ್ತಾನೆ, ಇದನ್ನ ತುಂಬಾ ಜನ ನೋಡೋದೇ ಇಲ್ಲ, ಕಳ್ಳ ಹಿತ್ತಲ ಬಾಗಿಲಿಗೆ ತನ್ನದೇ ಬೀಗ ಹಾಕಿ ಕೀಲಿ ಜೇಬಲ್ಲಿ ಇಟ್ಕೊಂಡಿರ್ತಾನೆ, ನೀವು ಮುಂಬಾಗಿಲು ಭದ್ರ ಮಾಡ್ತಾ ಇರ್ತೀರ.

ಹಾಗಾಗಿ ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಇಲ್ಲಿ ತುಂಬಾ ಮುಖ್ಯ. ಆ ಹುಡುಗನ ಲ್ಯಾಪ್‌ಟಾಪ್ ಮುಟ್ಟಲೇಬೇಡಿ, ವೈಫೈ ತೆಗೆದು ಪಕ್ಕಕ್ಕಿಡಿ. ಅವನು ಯಾವತ್ತೂ ಬಳಸದೇ ಇರೋ ಬೇರೆ ಕಂಪ್ಯೂಟರ್ ಅಥವಾ ನಿಮ್ಮ ಫೋನಿಂದ ಮೊದಲು ಮೇಲ್ ಅಕೌಂಟಿಗೆ ಹೋಗಿ, ಯಾಕಂದ್ರೆ ಬೇರೆ ಎಲ್ಲದರ ಪಾಸ್‌ವರ್ಡ್ ರೀಸೆಟ್ ಆಗೋದು ಮೇಲ್ ಮೂಲಕನೇ, ಅದು ಕಳ್ಳನ ಕೈಲಿದ್ರೆ ಬೇರೆ ಏನು ಮಾಡಿದ್ರೂ ನೀರಲ್ಲಿ ಹೋಮ. ಅಲ್ಲಿ ಎಲ್ಲಾ ಡಿವೈಸಿಂದ ಲಾಗ್ ಔಟ್ ಮಾಡಿಸೋ ಆಯ್ಕೆ ಇರತ್ತೆ, ಅದನ್ನ ಒತ್ತಿ, ಆಮೇಲೆ ಹೊಸ ಪಾಸ್‌ವರ್ಡ್, ಆಮೇಲೆ ರಿಕವರಿ ಫೋನು ಮೇಲು ನಿಮ್ದೇನಾ ನೋಡಿ, ಮೇಲ್ ಯಾರಿಗಾದ್ರೂ ತಾನೇ ಫಾರ್ವರ್ಡ್ ಆಗ್ತಿದ್ಯಾ, ಬ್ಯಾಂಕ್ ಮೇಲ್ ಬಂದ್ರೆ ಸೀದಾ ಕಸದ ಬುಟ್ಟಿಗೆ ಹಾಕೋ ಫಿಲ್ಟರ್ ಯಾವುದಾದ್ರೂ ಇದ್ಯಾ ನೋಡಿ. ಇಷ್ಟಾದ್ಮೇಲೆ ಜಾಹೀರಾತು ಅಕೌಂಟು, ಅಲ್ಲಿ ಯಾರ್ಯಾರು ಅಡ್ಮಿನ್ ಅಂತ ಒಬ್ಬೊಬ್ರ ಹೆಸರೂ ಓದಿ, ಗೊತ್ತಿಲ್ಲದವ್ರನ್ನ ತೆಗೀರಿ. ಆಮೇಲೆ ಪೇಮೆಂಟ್ ಗೇಟ್‌ವೇ, ಇಲ್ಲಿ ದಯವಿಟ್ಟು ದುಡ್ಡು ಜಮಾ ಆಗೋ ಬ್ಯಾಂಕ್ ಖಾತೆ ನಂಬರ್ ನಿಮ್ದೇನಾ ಅಂತ ಅಂಕಿ ಅಂಕಿ ಹೋಲಿಸಿ ನೋಡಿ, ನಿಮ್ಮ ವೆಬ್‌ಸೈಟನ್ನ ಗೇಟ್‌ವೇಗೆ ಜೋಡಿಸೋ ಗುಟ್ಟಿನ ಎಪಿಐ ಕೀ ಹೊಸದಾಗಿ ಮಾಡಿ. ಅಂಗಡಿ ವೆಬ್‌ಸೈಟ್, ಕೊರಿಯರ್ ಪ್ಯಾನೆಲ್, ಜಿಎಸ್‌ಟಿ ಪೋರ್ಟಲ್, ವಾಟ್ಸಾಪಿನ ಲಿಂಕ್ಡ್ ಡಿವೈಸಸ್, ಆ ಬ್ರೌಸರಲ್ಲಿ ಸೇವ್ ಆಗಿದ್ದ ಪ್ರತಿಯೊಂದೂ, ಹುಡುಗನ ಸ್ವಂತ ಬ್ಯಾಂಕ್ ಅಕೌಂಟೂ ಸೇರಿಸಿ, ಅವನೂ ಕಳ್ಕೊಂಡಿರ್ತಾನಲ್ವಾ. ಕಾರ್ಡ್ ಬ್ಲಾಕ್ ಮಾಡಿ ಹೊಸದು ತಗೊಳ್ಳಿ. ಲ್ಯಾಪ್‌ಟಾಪನ್ನ ಆ್ಯಂಟಿವೈರಸ್ ಹಾಕಿ ಕ್ಲೀನ್ ಅಂತ ನಂಬೋದು ಬೇಡ, ಫೋಟೋಗಳನ್ನ ಮಾತ್ರ ತೆಗೆದಿಟ್ಟು ಪೂರ್ತಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಸಿ.

ದುಡ್ಡಿನ ವಿಷಯಕ್ಕೆ 1930ಕ್ಕೆ ಫೋನ್ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಲ್ಲಿ ದೂರು ಹಾಕಿ, ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಡಿ, ಎಷ್ಟು ಬೇಗ ತಿಳಿಸ್ತೀರೋ ಅಷ್ಟು ನಿಮ್ಮ ಹೊಣೆ ಕಡಿಮೆ ಅಂತ ಆರ್‌ಬಿಐ 2017ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕೊಟ್ಟಿದೆ. ತಿಂಗಳಾಗಿದೆ ಅಂತ ಬಿಡ್ಬೇಡಿ, ಸೈಬರ್ ಅಪರಾಧ ನೋಡೋ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ ಬನ್ನಿ. ಫಾರ್ಮ್ಯಾಟ್ ಮಾಡಿಸೋ ಮುಂಚೆ ಅವರನ್ನ ಒಂದು ಮಾತು ಕೇಳಿ, ಲ್ಯಾಪ್‌ಟಾಪ್ ಸಾಕ್ಷಿಗೆ ಬೇಕು ಅಂದ್ರೂ ಅನ್ನಬಹುದು.

ಇನ್ನೊಂದು ಮಾತು ನಿಮ್ಮ ಮನೆಯವ್ರಿಗೆ. ವ್ಯಾಪಾರದ ಕಾರ್ಡ್ ಇರೋ ಅಕೌಂಟನ್ನ ಆ ಹುಡುಗನ ಸ್ವಂತ ಲ್ಯಾಪ್‌ಟಾಪಲ್ಲಿ ನಡೆಸೋಕೆ ಬಿಟ್ಟಿದ್ದು ನೀವು, ಎಡಿಟಿಂಗ್ ಸಾಫ್ಟ್‌ವೇರ್ ಕೊಡಿಸದೇ ಇದ್ದಿದ್ದೂ ನೀವು, ಅವನು ಎಲ್ಲೋ ಫ್ರೀ ಹುಡುಕ್ಕೊಂಡು ಹೋದ. ಬೈಯೋಕೆ ಹೇಳ್ತಿಲ್ಲ ಅಕ್ಕಾ, ಅವನನ್ನ ತೆಗೆದು ಇನ್ನೊಬ್ಬನನ್ನ ಇಟ್ಕೊಂಡ್ರೆ ಅವನೂ ಇದೇ ಮಾಡ್ತಾನೆ ಅನ್ನೋ ಸಂಕಟಕ್ಕೆ ಹೇಳ್ತಿದೀನಿ. ಸಾಧ್ಯ ಆದ್ರೆ ಅವನಿಗೊಂದು ಆಫೀಸ್ ಲ್ಯಾಪ್‌ಟಾಪ್ ಕೊಡಿ, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ರ ಇರಲಿ.

ಪ್ರಶ್ನೆ: ನಾನು ಪುಣೆಯಲ್ಲಿ ಡಿಸೈನ್ ಸ್ಟುಡಿಯೋ ನಡೆಸ್ತಿದೀನಿ, ನಮ್ಮಲ್ಲಿ ಎಲ್ರೂ ಮ್ಯಾಕ್ ಬಳಸೋದು. ಈ ಇನ್ಫೋಸ್ಟೀಲರ್ ಕಾಟ ವಿಂಡೋಸ್‌ಗೆ ಮಾತ್ರ ಅಲ್ವಾ?
(ಪುಣೆ)

ಉತ್ತರ: ಅಲ್ಲ ಸರ್. 2023ರಿಂದ ಆ್ಯಟಮಿಕ್ ಅನ್ನೋ ಸ್ಟೀಲರ್ ಮ್ಯಾಕ್‌ಗೆ ಅಂತಾನೇ ಬಾಡಿಗೆಗೆ ಸಿಗ್ತಿದೆ. ಸರ್ಚ್ ಮಾಡಿದಾಗ ಮೇಲೆ ಬರೋ ನಕಲಿ ಜಾಹೀರಾತಿಂದ, ಪುಕ್ಕಟೆ ಕೊಡ್ತೀವಿ ಅನ್ನೋ ಕ್ರ್ಯಾಕ್ ಆ್ಯಪಿಂದ ಬರತ್ತೆ, ಬಂದ ತಕ್ಷಣ ಸಿಸ್ಟಂ ಕೇಳೋ ಹಾಗೇ ಕಾಣೋ ಒಂದು ಡಬ್ಬಿ ತೋರಿಸಿ ನಿಮ್ಮ ಮ್ಯಾಕ್ ಪಾಸ್‌ವರ್ಡ್ ಕೇಳತ್ತೆ, ಕೊಟ್ರೆ ಪಾಸ್‌ವರ್ಡ್‌ಗಳೆಲ್ಲಾ ಇರೋ ಮ್ಯಾಕಿನ ಕೀಚೈನ್ ತೆಗೆಯೋ ಕೀಲಿ ಕೊಟ್ಟಂಗೆ. ಯಾವುದೋ ಆ್ಯಪ್ ಹಾಕೋವಾಗ ಟರ್ಮಿನಲ್ (ಕಮಾಂಡ್ ಬರೆಯೋ ಕಿಟಕಿ) ತೆಗೆದು ಈ ಸಾಲು ಪೇಸ್ಟ್ ಮಾಡಿ ಅಂತ ವೆಬ್‌ಸೈಟ್ ಹೇಳಿದ್ರೆ ಅಲ್ಲೇ ನಿಲ್ಲಿಸಿ.

ಪ್ರಶ್ನೆ: ನಮ್ದು 40 ಜನರ ಕಂಪನಿ, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಆನ್‌ಲೈನಲ್ಲಿ ಕೊಡ್ತೀವಿ. ಹೋದ ವಾರ ಗೊತ್ತಿಲ್ಲದವ್ರಿಂದ ಒಂದು ಮೇಲ್ ಬಂತು, ನಿಮ್ಮ ಕಂಪನಿಯ 300ಕ್ಕೂ ಹೆಚ್ಚು ಲಾಗಿನ್‌ಗಳು ಸ್ಟೀಲರ್ ಲಾಗಲ್ಲಿ ಮಾರಾಟಕ್ಕಿವೆ, ಪೂರ್ತಿ ಪಟ್ಟಿ ಬೇಕಾದ್ರೆ ದುಡ್ಡು ಕೊಡಿ ಅಂತ. ಸ್ಯಾಂಪಲ್ ಅಂತ 5 ಕಳಿಸಿದಾರೆ, ಅದ್ರಲ್ಲಿ ಎರಡು ನಮ್ಮ ಹುಡುಗರದ್ದೇ, ಒಬ್ರು ಬಿಟ್ಟು ಎರಡು ವರ್ಷ ಆಯ್ತು. ನಮ್ಮ ಸರ್ವರ್ ಯಾರೂ ಹ್ಯಾಕ್ ಮಾಡಿಲ್ಲ, ಯಾರ್ಯಾರು ಬಂದ್ರು ಅಂತ ದಾಖಲಾಗೋ ಸರ್ವರ್ ಲಾಗ್ ಎಲ್ಲಾ ನೋಡಿದ್ವಿ. ಬಿಟ್ಟವ್ರದ್ದು ಹಳೇ ಪಾಸ್‌ವರ್ಡ್, ಅದರಿಂದ ಏನು ತೊಂದರೆ?
(ಬೆಂಗಳೂರು)

ಉತ್ತರ: ದುಡ್ಡು ಕೊಡ್ಬೇಡಿ, ಆದ್ರೆ ಮೇಲನ್ನ ಅಳಿಸ್ಲೂಬೇಡಿ. ಸ್ಯಾಂಪಲಲ್ಲಿ ನಿಮ್ಮ ಹುಡುಗರ ಹೆಸರು ಸರಿಯಾಗಿದೆ ಅಂದ್ಮೇಲೆ ವಿಷಯ ನಿಜ ಅಂತಾನೇ ತಿಳ್ಕೊಂಡು ಕೆಲಸ ಶುರು ಮಾಡಿ.

ಹಳೇ ಪಾಸ್‌ವರ್ಡಿಂದ ಏನು ತೊಂದರೆ ಅಂದ್ರಲ್ಲಾ, ಅದಕ್ಕೆ 2024ರ ಸ್ನೋಫ್ಲೇಕ್ ಕಥೆ ಪೂರ್ತಿ ಹೇಳ್ತೀನಿ, ನಿಮ್ಮಂಥ ಕಂಪನಿ ನಡೆಸೋರು ಇದನ್ನ ಒಂದ್ಸಲ ಕೂತು ಓದ್ಲೇಬೇಕು. ಸ್ನೋಫ್ಲೇಕ್ ಅಂದ್ರೆ ದೊಡ್ಡ ದೊಡ್ಡ ಕಂಪನಿಗಳು ತಮ್ಮ ಡೇಟಾ ರಾಶಿ ಹಾಕೋ ಕ್ಲೌಡ್ ಗೋದಾಮು. ಆ ವರ್ಷ ಟಿಕೆಟ್‌ಮಾಸ್ಟರ್, ಸ್ಯಾಂಟ್ಯಾಂಡರ್ ಬ್ಯಾಂಕ್, ಎಟಿ ಆ್ಯಂಡ್ ಟಿ, ಒಂದಾದ್ಮೇಲೆ ಒಂದು ಹೆಸರು ಹೊರಗೆ ಬಂತು. ಎಟಿ ಆ್ಯಂಡ್ ಟಿದಂತೂ 2022ರ ಮೇಯಿಂದ ಅಕ್ಟೋಬರ್ ವರೆಗೆ ಅವರ ಹೆಚ್ಚುಕಮ್ಮಿ ಎಲ್ಲಾ ಮೊಬೈಲ್ ಗ್ರಾಹಕರು ಯಾವ ನಂಬರಿಗೆ ಫೋನು ಮೆಸೇಜು ಮಾಡಿದ್ರು ಅನ್ನೋ ದಾಖಲೆ ಹೋಯ್ತು. ಎಲ್ರೂ ಸ್ನೋಫ್ಲೇಕ್ ಹ್ಯಾಕ್ ಆಗಿದೆ ಅಂದ್ಕೊಂಡ್ರು. ಮ್ಯಾಂಡಿಯಂಟ್ ಅನ್ನೋ ಸೈಬರ್ ಭದ್ರತಾ ತಂಡ ತನಿಖೆ ಮಾಡಿ ಜೂನಲ್ಲಿ ಹೇಳಿದ್ದೇನು ಅಂದ್ರೆ ಸ್ನೋಫ್ಲೇಕಿನ ಗೋಡೆ ಯಾರೂ ಒಡೆದಿಲ್ಲ, ಸುಮಾರು 165 ಗ್ರಾಹಕ ಕಂಪನಿಗಳಿಗೆ ನಿಮ್ಮ ಡೇಟಾಗೆ ಅಪಾಯ ಇದೆ ಅಂತ ತಿಳಿಸ್ಬೇಕಾಯ್ತು, ನುಗ್ಗಿದ್ದೆಲ್ಲಾ ಆ ಗ್ರಾಹಕರ ಸ್ವಂತ ಲಾಗಿನ್ ಬಳಸಿ, ಅವು ಸಿಕ್ಕಿದ್ದು ಹಳೇ ಸ್ಟೀಲರ್ ಲಾಗುಗಳಲ್ಲಿ, ಅದ್ರಲ್ಲಿ ಅತೀ ಹಳೇದು 2020ರ ನವೆಂಬರಿನದ್ದು. ಯೋಚನೆ ಮಾಡಿ, ಮೂರೂವರೆ ವರ್ಷ ಆ ಪಾಸ್‌ವರ್ಡ್ ಯಾರೂ ಬದಲಾಯಿಸಿಲ್ಲ, ಎರಡನೇ ಹಂತದ ಪರೀಕ್ಷೆ ಆನ್ ಮಾಡಿಲ್ಲ, ನಮ್ಮ ಆಫೀಸಿನ ನೆಟ್‌ವರ್ಕಿಂದ ಬಂದವ್ರಿಗೆ ಮಾತ್ರ ಬಾಗಿಲು ತೆಗಿ ಅನ್ನೋ ಕಟ್ಟುಪಾಡೂ ಹಾಕಿಲ್ಲ. ಆ ವರದಿಯಲ್ಲಿ ಇನ್ನೊಂದು ಮಾತಿದೆ, ನನಗೆ ಓದಿದಾಗಿಂದ ಮನಸ್ಸಲ್ಲೇ ಕೂತಿದೆ, ಸೋಂಕು ತಗುಲಿದ ಕೆಲವು ಕಂಪ್ಯೂಟರ್‌ಗಳು ಹೊರಗಿನ ಕಾಂಟ್ರ್ಯಾಕ್ಟ್ ಕೆಲಸಗಾರರದ್ದು, ಅದ್ರಲ್ಲೇ ಅವರು ಗೇಮ್ ಆಡ್ತಿದ್ರು, ಪೈರಸಿ ಸಾಫ್ಟ್‌ವೇರ್ ಇಳಿಸ್ತಿದ್ರು. ಹುಬ್ಬಳ್ಳಿ ಅಕ್ಕನ ಪತ್ರದಲ್ಲಿ ಇರೋದೂ ಇದೇ ಅಲ್ವಾ, ಅಷ್ಟು ದೊಡ್ಡ ಕಂಪನಿಗೂ ಒಂಬತ್ತು ಜನರ ಸೀರೆ ಅಂಗಡಿಗೂ ಕಳ್ಳ ಬಂದ ದಾರಿ ಒಂದೇ.

ಸ್ಪೇನಿನ ಆರೆಂಜ್ ಟೆಲಿಕಾಂದೂ ಹಾಗೇ. ಅವರ ಒಬ್ಬ ಉದ್ಯೋಗಿ ಕಂಪ್ಯೂಟರಿಗೆ 2023ರ ಸೆಪ್ಟೆಂಬರಲ್ಲಿ ಸ್ಟೀಲರ್ ಹೊಕ್ಕಿತ್ತು, ಇಂಟರ್ನೆಟ್ ವಿಳಾಸಗಳನ್ನ ನಿಭಾಯಿಸೋ ರೈಪ್ ಅನ್ನೋ ಸಂಸ್ಥೆಯ ಅಕೌಂಟಿನ ಪಾಸ್‌ವರ್ಡ್ ಹೋಗಿತ್ತು, ಆ ಪಾಸ್‌ವರ್ಡ್ ಏನಿತ್ತು ಅಂದ್ರೆ "ರೈಪ್‌ಅಡ್ಮಿನ್", ಎರಡನೇ ಹಂತ ಇರಲೇ ಇಲ್ಲ. 2024ರ ಜನವರಿ 3ರಂದು ಯಾರೋ ಅದನ್ನ ಬಳಸಿ ಒಳಗೆ ಹೋಗಿ ಸೆಟ್ಟಿಂಗ್ ಬದಲಾಯಿಸಿದ್ರು, ಗ್ರಾಹಕರಿಗೆ ಗಂಟೆಗಟ್ಟಲೆ ಇಂಟರ್ನೆಟ್ ಕೈಕೊಡ್ತು. ಕದ್ದಿದ್ದು ಸೆಪ್ಟೆಂಬರಲ್ಲಿ, ಬಳಸಿದ್ದು ಜನವರೀಲಿ. ಬಿಟ್ಟು ಎರಡು ವರ್ಷ ಆದವ್ರ ಲಾಗಿನ್ ನಿಮ್ಮಲ್ಲಿ ಇನ್ನೂ ಜೀವಂತ ಇದ್ಯಾ ಅಂತ ನೀವು ಹೇಳೇ ಇಲ್ಲ. ಮೊದಲು ಅದನ್ನ ನೋಡಿ.

ಈಗ ಆ 300ರ ವಿಷಯ. ಬಹುಶಃ ಅದ್ರಲ್ಲಿ ಮುಕ್ಕಾಲುಪಾಲು ನಿಮ್ಮ ಹುಡುಗರದ್ದಲ್ಲ, ನಿಮ್ಮ ಸಾಫ್ಟ್‌ವೇರ್ ಬಳಸೋ ಅಂಗಡಿಯವ್ರದ್ದು. ಲಾಗಲ್ಲಿ ಪ್ರತಿ ಸಾಲಲ್ಲೂ ವೆಬ್‌ಸೈಟ್ ವಿಳಾಸ, ಯೂಸರ್ ಹೆಸರು, ಪಾಸ್‌ವರ್ಡ್ ಇರತ್ತೆ. ವಿಳಾಸ ನಿಮ್ಮ ಗ್ರಾಹಕರ ಲಾಗಿನ್ ಪುಟದ್ದಾದ್ರೆ ಅದು ಗ್ರಾಹಕರ ಕಂಪ್ಯೂಟರಿಂದ ಹೋಗಿದ್ದು, ನಿಮ್ಮ ಕೋಡ್ ಇಡೋ ಜಾಗ, ಕ್ಲೌಡ್ ಕನ್ಸೋಲ್, ವಿಪಿಎನ್, ಒಳಗಿನ ಅಡ್ಮಿನ್ ಪುಟ ಇವುಗಳದ್ದಾದ್ರೆ ನಿಮ್ಮವ್ರ ಕಂಪ್ಯೂಟರ್ ಹೊಲಸಾಗಿದೆ ಅಂತ ಅರ್ಥ. ಸರ್ವರ್ ಲಾಗಲ್ಲಿ ಏನೂ ಕಾಣದೇ ಇರೋದೂ ಅದಕ್ಕೇ, ಕಳ್ಳತನ ಆಗಿದ್ದು ನಿಮ್ಮ ಸರ್ವರಲ್ಲೇ ಅಲ್ಲ, ಮತ್ತೆ ಸರಿಯಾದ ಪಾಸ್‌ವರ್ಡ್ ಹಾಕಿ ಬಂದವನು ನಿಮ್ಮ ಸಿಸ್ಟಂಗೆ ಕಳ್ಳನ ತರ ಕಾಣೋದೂ ಇಲ್ಲ. ಟ್ರಾಯ್ ಹಂಟ್ ನಡೆಸೋ ಹ್ಯಾವ್ ಐ ಬೀನ್ ಪೋನ್ಡ್ ಅನ್ನೋ ತಾಣ ಇದೆ, ಅಲ್ಲಿ ಡೊಮೇನ್ (ನಿಮ್ಮ ಕಂಪನಿಯ ವೆಬ್ ಹೆಸರು) ನಿಮ್ದೇ ಅಂತ ತೋರಿಸಿಕೊಟ್ರೆ ಅದರ ಯಾವ್ಯಾವ ಮೇಲ್ ಐಡಿ ಸೋರಿಕೆಲಿ ಸಿಕ್ಕಿದೆ ಅಂತ ಹೇಳತ್ತೆ, 2025ರಿಂದ ಸ್ಟೀಲರ್ ಲಾಗುಗಳದ್ದೂ ದೊಡ್ಡ ಮಟ್ಟದಲ್ಲಿ ಸೇರಿಸ್ಕೊಂಡಿದಾರೆ. ಯಾರಿಗೋ ದುಡ್ಡು ಕೊಡೋ ಬದಲು ಅಲ್ಲಿಂದ ಶುರು ಮಾಡಿ.

ನಿಮ್ಮ ಹುಡುಗರದ್ದು ಎರಡು ಸಿಕ್ಕಿದೆ ಅಂದ್ರೆ 40 ಜನರದ್ದೂ ಸೆಷನ್ ರದ್ದು ಮಾಡಿ, ಇಬ್ರದ್ದು ಮಾತ್ರ ಅಲ್ಲ. ಕೋಡಿನೊಳಗೆ ಇಟ್ಟಿರೋ ಕೀಗಳು, ಡೇಟಾಬೇಸ್ ಪಾಸ್‌ವರ್ಡು, ಕ್ಲೌಡ್ ಟೋಕನ್ ಎಲ್ಲಾ ಹೊಸದಾಗ್ಬೇಕು, ಇದು ಬೇಜಾರಿನ ಕೆಲಸ, ಎರಡು ದಿನ ಹೋಗತ್ತೆ, ಆದ್ರೂ ಮಾಡಿ. ಅಂಗಡಿಯವ್ರ ಪಾಸ್‌ವರ್ಡ್ ಬಲವಂತವಾಗಿ ರೀಸೆಟ್ ಮಾಡ್ಸಿ, ಯಾಕೆ ಅಂತ ಕನ್ನಡದಲ್ಲೇ ಒಂದು ಮೆಸೇಜ್ ಕಳಿಸಿ, ನಿಮ್ಮ ಕಂಪ್ಯೂಟರಲ್ಲಿ ಮಾಲ್‌ವೇರ್ ಇರಬಹುದು ಅಂತ ಹೇಳದೇ ಬರೀ ರೀಸೆಟ್ ಮಾಡ್ಸಿದ್ರೆ ಹೊಸದೂ ನಾಳೆ ಹೋಗತ್ತೆ. ಅಡ್ಮಿನ್ ಅಕೌಂಟುಗಳಿಗೆ ಪಾಸ್‌ಕೀ (ಪಾಸ್‌ವರ್ಡ್ ಬದಲು ನಿಮ್ಮ ಫೋನೋ ಕಂಪ್ಯೂಟರೋ ಇಟ್ಕೊಳೋ ಡಿಜಿಟಲ್ ಕೀಲಿ) ಅಥವಾ ಯುಎಸ್‌ಬಿ ಸೆಕ್ಯುರಿಟಿ ಕೀ ಹಾಕಿ. ಪಾಸ್‌ಕೀ ಇಲ್ದೇ ಬಾಗಿಲು ತೆಗೆಯದ ಹಾಗೆ ಮಾಡಿದ್ರೆ ಕದ್ದ ಪಾಸ್‌ವರ್ಡ್ ಕೆಲಸಕ್ಕೆ ಬರಲ್ಲ, ಸ್ನೋಫ್ಲೇಕ್ ತರದ್ದು ಆಗಲ್ಲ, ಆದ್ರೆ ಲಾಗಿನ್ ಆದ್ಮೇಲೆ ಸಿಗೋ ಕುಕ್ಕಿ ಕದ್ರೆ ಅದನ್ನ ಪಾಸ್‌ಕೀ ತಡೆಯಲ್ಲ, ಹಾಗಾಗಿ ಅಡ್ಮಿನ್ ಸೆಷನ್ ತಿಂಗಳುಗಟ್ಟಲೆ ತೆರೆದಿರೋಕೆ ಬಿಡ್ಬೇಡಿ, ದಿನಕ್ಕೊಂದ್ಸಲ ಮತ್ತೆ ಲಾಗಿನ್ ಆಗ್ಲಿ, ನಿಮ್ಮ ಕಂಪನಿಗೆ ಗೊತ್ತಿರೋ ಲ್ಯಾಪ್‌ಟಾಪ್ ಬಿಟ್ಟು ಬೇರೆಯದ್ರಿಂದ ಅಡ್ಮಿನ್ ಪುಟ ತೆಗೆಯೋಕೇ ಆಗ್ಬಾರದು.

ಬೆಂಗಳೂರಲ್ಲೇ ನಡೆದಿದ್ದನ್ನೂ ನೆನಪಿಸ್ತೀನಿ, 2025ರ ಜುಲೈಲಿ ಕಾಯಿನ್‌ಡಿಸಿಎಕ್ಸ್ ಕ್ರಿಪ್ಟೋ ಕಂಪನಿಯಿಂದ ಸುಮಾರು 44 ಮಿಲಿಯನ್ ಡಾಲರ್ ಹೋಯ್ತಲ್ಲಾ, ಗ್ರಾಹಕರ ದುಡ್ಡಲ್ಲ, ಕಂಪನಿದೇ ದುಡ್ಡು ಅಂತ ಅವರು ಹೇಳಿದ್ರು. ಆಗ ಪೊಲೀಸರು ಹೇಳಿದ್ದು, ಒಬ್ಬ ಉದ್ಯೋಗಿಯ ಆಫೀಸ್ ಲ್ಯಾಪ್‌ಟಾಪಿನ ಲಾಗಿನ್ ಬಳಸಿ ನುಗ್ಗಿದಾರೆ ಅಂತ, ಅದೇ ಲ್ಯಾಪ್‌ಟಾಪಲ್ಲಿ ಆತ ಹೊರಗಿನ ಪಾರ್ಟ್ ಟೈಂ ಕೆಲಸ ಮಾಡ್ತಿದ್ರು ಅಂತಾನೂ ವರದಿ ಬಂತು, ಆತನ್ನ ಬಂಧಿಸಿದ್ರು, ಆತ ಮಾತ್ರ ಕಳ್ಳತನದಲ್ಲಿ ನನ್ನ ಪಾತ್ರ ಇಲ್ಲ ಅಂದ್ರು. ಇದರಲ್ಲಿ ತೀರ್ಪು ಕೊಡೋದು ಕೋರ್ಟಿನ ಕೆಲಸ. ನಿಮ್ಮ ಹುಡುಗರಿಗೆ ಮಾತ್ರ ಹೇಳಿ, ಆಫೀಸ್ ಲ್ಯಾಪ್‌ಟಾಪಲ್ಲಿ ಬೇರೆಯವ್ರು ಕಳಿಸಿದ ಪ್ರಾಜೆಕ್ಟ್ ಫೈಲ್ ಓಡಿಸ್ಬೇಡಿ ಅಂತ.

ಕಾನೂನು ಕಡೆಯಿಂದ ಎರಡು ಮಾತು. ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸ್ಬೇಕು, 180 ದಿನದ ಸಿಸ್ಟಂ ಲಾಗ್ ಇಟ್ಕೊಂಡಿರ್ಬೇಕು ಅಂತ 2022ರ ಏಪ್ರಿಲ್ 28ರ ಆದೇಶ ಇದೆ, ನೀವು ವಾರ ಕಳೆದಿದೀರ, ಇವತ್ತೇ ಕಳಿಸಿ. ಗ್ರಾಹಕರ ಮಾಹಿತಿ ಹೋಗಿದ್ರೆ ಜನರ ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಡಿಪಿಡಿಪಿ ಕಾಯ್ದೆ ಬರತ್ತೆ, ಅದರ ನಿಯಮಗಳು 2025ರ ನವೆಂಬರಲ್ಲಿ ಬಂದ್ವು, ಹಂತ ಹಂತವಾಗಿ ಜಾರಿಗೆ ಬರೋ ಹಾಗೆ ಮಾಡಿದಾರೆ, ಸುರಕ್ಷತೆ ನೋಡ್ಕೊಳ್ದೇ ಇದ್ದವ್ರಿಗೆ 250 ಕೋಟಿ ರೂಪಾಯಿ ವರೆಗೆ ದಂಡ ಹಾಕೋ ಅಧಿಕಾರ ಅದ್ರಲ್ಲಿದೆ. ಇದಕ್ಕೆ ಒಬ್ಬ ವಕೀಲರನ್ನ ಕೇಳೋದು ಒಳ್ಳೇದು.

ಪ್ರಶ್ನೆ: ನನಗೆ 67 ವರ್ಷ. ಮಗಳ ಜೊತೆ ಕಾಫಿ ಪುಡಿ, ಮೆಣಸು ಆನ್‌ಲೈನಲ್ಲಿ ಮಾರ್ತೀವಿ. ನಾನು ಎಲ್ಲಾ ಪಾಸ್‌ವರ್ಡನ್ನ ಡೈರಿಲಿ ಬರೆದಿಡ್ತೀನಿ, ಮಗಳು ಅದು ಅಪಾಯ, ಬ್ರೌಸರಲ್ಲಿ ಸೇವ್ ಮಾಡಪ್ಪಾ ಅಂತಾಳೆ. ಯಾರು ಸರಿ?
(ಚಿಕ್ಕಮಗಳೂರು)

ಉತ್ತರ: ಯಜಮಾನ್ರೇ, ಈ ವಿಷಯದಲ್ಲಿ ನೀವೇ ಸರಿ. ಬೀರುವಲ್ಲಿ ಇರೋ ಡೈರಿನ ರಷ್ಯಾದಲ್ಲೋ ಎಲ್ಲೋ ಕೂತವನು ಓದೋಕಾಗಲ್ಲ, ಸ್ಟೀಲರ್ ಮೊದಲು ಕೈ ಹಾಕೋದೇ ಬ್ರೌಸರಿಗೆ. 2024ರ ಜುಲೈಯಿಂದ ವಿಂಡೋಸಲ್ಲಿ ಕ್ರೋಮ್ ಮೊದಲು ಕುಕ್ಕಿಗಳಿಗೆ ಹೊಸ ಬೀಗ ಹಾಕ್ತು, ಒಂದೆರಡು ತಿಂಗಳಲ್ಲಿ ಸ್ಟೀಲರ್ ಮಾಡೋರು ಅದನ್ನೂ ದಾಟೋ ದಾರಿ ಕಂಡ್ಕೊಂಡ್ರು. ಮಗಳಿಗೆ ಡೈರಿ ಕಷ್ಟ ಅನ್ಸಿದ್ರೆ ಬ್ರೌಸರಿಂದ ಬೇರೆಯಾಗಿರೋ ಪಾಸ್‌ವರ್ಡ್ ಮ್ಯಾನೇಜರ್ ಒಂದು ಇಟ್ಕೊಳ್ಳಲಿ, ಅದಕ್ಕೆ ಉದ್ದನೇ ಪಾಸ್‌ವರ್ಡ್ ಇರಲಿ, ಕೆಲಸ ಆದ್ಮೇಲೆ ಲಾಕ್ ಆಗ್ಲಿ. ನೋಟ್‌ಪ್ಯಾಡಲ್ಲಿ ಬರೆದು ಡೆಸ್ಕ್‌ಟಾಪ್ ಮೇಲೆ ಇಡೋದು ಮಾತ್ರ ಇಬ್ರೂ ಮಾಡ್ಬೇಡಿ. ಡೈರಿಗೆ ಒಂದೇ ಸೂಚನೆ, ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಬರೆದಿಟ್ಟಿದ್ರೆ ಇವತ್ತು ಸಂಜೆ ಕೂತು ಬೇರೆ ಬೇರೆ ಮಾಡಿ. ವ್ಯಾಪಾರ ಮುಗಿದ್ಮೇಲೆ ಲಾಗ್ ಔಟ್ ಒತ್ತಿ ಏಳೋ ಅಭ್ಯಾಸನೂ ಇಟ್ಕೊಳ್ಳಿ.

ಪ್ರಶ್ನೆ: ಸರ್, ನಾನು ಆನ್‌ಲೈನ್ ಟ್ರಾವೆಲ್ ಬುಕಿಂಗ್ ಕಂಪನಿ ಒಂದರಲ್ಲಿ ಅಕೌಂಟ್ಸ್ ನೋಡ್ತೀನಿ. ಮೊನ್ನೆ ಆಫೀಸ್ ಲ್ಯಾಪ್‌ಟಾಪಲ್ಲಿ ಒಂದು ವೆಬ್‌ಸೈಟ್ ತೆಗೆದಾಗ ನೀವು ರೋಬೋಟ್ ಅಲ್ಲ ಅಂತ ತೋರಿಸಿ ಅಂತ ಬಂತು, ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಕೊಡಿ ಅಂತ ಇತ್ತು, ಹಾಗೇ ಮಾಡ್ಬಿಟ್ಟೆ. ಒಂದು ಕಪ್ಪು ವಿಂಡೋ ಬಂದು ಹೋಯ್ತು. ಆಮೇಲೆ ಗೊತ್ತಾಯ್ತು ಅದು ಮೋಸ ಅಂತ. ನನ್ನ ಸ್ವಂತ ಮೇಲು, ಬ್ಯಾಂಕೂ ಅದೇ ಲ್ಯಾಪ್‌ಟಾಪಲ್ಲಿ ತೆಗೆದಿದ್ದೆ. ಮೂರು ದಿನ ಆಯ್ತು, ಏನೂ ಆಗಿಲ್ಲ. ಮ್ಯಾನೇಜರ್‌ಗೆ ಹೇಳಿದ್ರೆ ಕೆಲಸ ಹೋಗತ್ತೆ ಅಂತ ಭಯ, ಮನೇಲಿ ನನ್ನ ಸಂಬಳನೇ ಆಧಾರ. ಹೇಗೆ ಹೇಳೋದು? ರಾತ್ರಿ ನಿದ್ದೆ ಬರ್ತಿಲ್ಲ.
(ಮೈಸೂರು)

ಉತ್ತರ: ತಂಗೀ, ಈ ಉತ್ತರನ ನಿಮಗೆ ಪತ್ರ ಬಂದ ದಿನವೇ ಬರೆದು ಕಳಿಸಿದೀನಿ, ಸಂಚಿಕೆ ಬರೋವರೆಗೆ ಕಾಯೋ ವಿಷಯ ಅಲ್ಲ ಇದು. ಇಲ್ಲಿ ಹಾಕ್ತಿರೋದು ನಿಮ್ಮ ಹಾಗೇ ಒತ್ತಿಬಿಟ್ಟು ಸುಮ್ಮನೆ ಕೂತಿರೋ ಬೇರೆಯವ್ರಿಗೆ.

ನೀವು ಎಂಟರ್ ಒತ್ತಿದ ಕ್ಷಣಕ್ಕೆ ಆ ಪುಟ ಮೊದಲೇ ನಿಮ್ಮ ಕಂಪ್ಯೂಟರಲ್ಲಿ ಕಾಪಿ ಮಾಡಿಟ್ಟಿದ್ದ ಒಂದು ಆದೇಶ ಓಡಿದೆ, ಅದು ಎಲ್ಲಿಂದಲೋ ಸ್ಟೀಲರ್ ತಂದು ಹಾಕಿದೆ, ಇದಕ್ಕೆ ಕ್ಲಿಕ್‌ಫಿಕ್ಸ್ ಅಂತಾರೆ, 2024ರಿಂದ ಎಲ್ಲಾ ಕಡೆ ಹಬ್ಬಿದೆ. ರೋಬೋಟ್ ಅಲ್ಲ ಅಂತ ತೋರಿಸೋ ನಿಜವಾದ ಪರೀಕ್ಷೆ, ಅಂದ್ರೆ ಕ್ಯಾಪ್ಚಾ, ಯಾವತ್ತೂ ಕೀಬೋರ್ಡಲ್ಲಿ ಇಂಥದ್ದು ಒತ್ತಿ ಅನ್ನಲ್ಲ. ಲುಮ್ಮಾ ಅನ್ನೋ ಸ್ಟೀಲರ್ ಈ ದಾರಿಯಲ್ಲೂ ತುಂಬಾ ಹರಡ್ತು, 2025ರ ಮಾರ್ಚ್ 16ರಿಂದ ಮೇ 16ರ ಒಳಗೆ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರಲ್ಲಿ ಸಿಕ್ಕಿತ್ತು ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಅವರೂ ಬೇರೆ ಬೇರೆ ದೇಶದ ಪೊಲೀಸರೂ ಸೇರಿ ಅದರ ಸುಮಾರು 2,300 ಡೊಮೇನ್ ಮುಚ್ಚಿಸಿದ್ರು, ಕೆಲವೇ ವಾರದಲ್ಲಿ ಮತ್ತೆ ತಲೆ ಎತ್ತಿತು. ಅಂದ್ರೆ ನಿಮ್ಮ ಹಾಗೆ ಮೋಸ ಹೋದವ್ರು ಲಕ್ಷಗಟ್ಟಲೆ ಇದಾರೆ, ಅವರಲ್ಲಿ ಕಂಪ್ಯೂಟರ್ ಓದಿದವ್ರೂ ಇದಾರೆ.

ಮೂರು ದಿನ ಏನೂ ಆಗಿಲ್ಲ ಅಂದ್ರೆ ಏನೂ ಆಗಲ್ಲ ಅಂತಲ್ಲ, ಲಾಗ್ ಇನ್ನೂ ಮಾರಾಟ ಆಗಿಲ್ದೇ ಇರಬಹುದು. ನಿಮ್ಮ ಕೈಲಿ ಕಂಪನಿಯ ಬ್ಯಾಂಕ್ ಲಾಗಿನ್ ಇದೆ, ಹೋಟೆಲುಗಳ ಜೊತೆ ಮಾತಾಡೋ ಅಕೌಂಟ್ ಇದೆ, ಅದು ಹೋದ್ರೆ ಕಳ್ಳ ನಿಮ್ಮ ಕಂಪನಿ ಹೆಸರಲ್ಲೇ ಪ್ರಯಾಣಿಕರಿಗೆ ಮೆಸೇಜ್ ಹಾಕಿ ದುಡ್ಡು ಕೇಳ್ತಾನೆ, ಆಗ ದುಡ್ಡು ಹೋಗೋದು ತಿರುಪತಿಗೋ ಕಾಶಿಗೋ ಹೊರಟ ಯಾರದ್ದೋ. ಇವತ್ತು ಹೇಳಿದ್ರೆ ಸೆಷನ್ ರದ್ದು, ಪಾಸ್‌ವರ್ಡ್ ಬದಲಿ, ಲ್ಯಾಪ್‌ಟಾಪ್ ಫಾರ್ಮ್ಯಾಟ್, ಒಂದು ದಿನದ ಕೆಲಸ.

ಹೇಗೆ ಹೇಳೋದು ಅಂತ ಕೇಳಿದ್ರಿ. ಬಾಯಲ್ಲಿ ಹೇಳೋಕೆ ನಾಲಿಗೆ ಏಳ್ದಿದ್ರೆ ಫೋನಿಂದ ಮೇಲ್ ಹಾಕಿ, ಆ ಲ್ಯಾಪ್‌ಟಾಪಿಂದ ಬೇಡ. "ಸರ್, ಇಂಥ ದಿನ ಇಷ್ಟು ಗಂಟೆಗೆ ಇಂಥ ಪುಟದಲ್ಲಿ ನಕಲಿ ಕ್ಯಾಪ್ಚಾ ನಂಬಿ ಒಂದು ಕಮಾಂಡ್ ಓಡಿಸಿದೀನಿ, ಇನ್ಫೋಸ್ಟೀಲರ್ ಇರೋ ಸಾಧ್ಯತೆ ಇದೆ, ಆ ಲ್ಯಾಪ್‌ಟಾಪಲ್ಲಿ ನಾನು ಬಳಸ್ತಿದ್ದ ಅಕೌಂಟುಗಳ ಪಟ್ಟಿ ಕೆಳಗಿದೆ, ಎಲ್ಲದರ ಸೆಷನ್ ರದ್ದು ಮಾಡಿಸಿ" ಅಂತ ಬರೆದು, ಕೆಳಗೆ ಪಟ್ಟಿ ಹಾಕಿ. ಐಟಿಯವ್ರಿಗೆ ಅತೀ ಬೇಕಾಗಿರೋದು ಆ ಪಟ್ಟಿ ಮತ್ತೆ ಆ ಗಂಟೆ, ಅದನ್ನ ಕೊಡೋಕೆ ನಿಮ್ಮೊಬ್ಬರಿಗೆ ಮಾತ್ರ ಸಾಧ್ಯ. ಮೇಲ್ ಕಳಿಸಿದ್ಮೇಲೆ ನಿಮ್ಮ ಸ್ವಂತ ಮೇಲು, ಬ್ಯಾಂಕು ಇವುಗಳನ್ನೂ ಫೋನಿಂದಲೇ ಬದಲಾಯಿಸ್ಕೊಳ್ಳಿ, ಆಫೀಸ್ ಲ್ಯಾಪ್‌ಟಾಪಲ್ಲಿ ಅವನ್ನೂ ತೆಗೆದಿದ್ರಿ ಅಂತ ಪತ್ರದಲ್ಲೇ ಬರೆದಿದೀರ.